ಮರುಭೂಮಿಯ ಕಳ್ಳಿ ಕೊಡಗಿನ ಮಳೆಗೆ ಕೊಳೆಯುವುದೇಕೆ?

ಪ್ರಶ್ನೆ: ನಮ್ಮ ಮನೆ ಮಡಿಕೇರಿಗೆ ಹತ್ತಿರ, ಕಾಫಿ ತೋಟದ ನಡುವೆ ಇದೆ. ಬೆಂಗಳೂರಿನಿಂದ ತಂದ, ಮೈತುಂಬ ಮುಳ್ಳಿರುವ ದುಂಡನೆಯ ಕಳ್ಳಿಗಿಡಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನೀರು ಹಾಕದಿದ್ದರೂ ಅವಕ್ಕೆ ಏನೂ ಆಗಲಿಲ್ಲ. ಜುಲೈ-ಆಗಸ್ಟ್‌ನ ಬಿರುಮಳೆಯ ತಿಂಗಳಾದ ಕಕ್ಕಡ ಮುಗಿಯುವಷ್ಟರಲ್ಲಿ ಒಂದೊಂದಾಗಿ ಬುಡ ಮೆತ್ತಗಾಗಿ ವಾಲಿ ಬಿದ್ದವು. ಅದೇ ಜಗಲಿಯಲ್ಲಿರುವ ಬ್ರಹ್ಮಕಮಲವೂ ಕಳ್ಳಿಯ ಕುಟುಂಬದ್ದೇ ಎಂದು ಹೇಳುತ್ತಾರೆ. ಅದು ಮಾತ್ರ ಹುಲುಸಾಗಿ ಬೆಳೆದಿದೆ. ನೀರೇ ಸಿಗದ ಮರುಭೂಮಿಯಲ್ಲಿ ಈ ಗಿಡಗಳು ಬದುಕುವುದು ಹೇಗೆ? ಅಲ್ಲಿ ಬದುಕುವ ಗಿಡ ನೀರಿರುವ ಕಡೆ ಸಾಯುವುದೇಕೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಕಳ್ಳಿಗಿಡ ತನ್ನೊಳಗೆ ನೀರನ್ನು ಕೂಡಿಟ್ಟುಕೊಂಡು ಬದುಕುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಮಾತು ಸರಿಯೇ, ಆದರೆ ಪೂರ್ತಿಯಲ್ಲ. ನೀರು ತುಂಬಿದ ಕಾಂಡವನ್ನು ನಲವತ್ತು ಡಿಗ್ರಿ ಬಿಸಿಲಿನಲ್ಲಿ ನಿಲ್ಲಿಸಿದರೆ ಅದು ಕೆಲವೇ ದಿನಗಳಲ್ಲಿ ಒಣಗಬೇಕು. ಒಣಗದಿರುವುದಕ್ಕೆ ಕಾರಣ, ಒಳಗಿನ ನೀರನ್ನು ಹೊರಗೆ ಬಿಡದಂತೆ ಗಿಡ ಮಾಡಿಕೊಂಡಿರುವ ಏರ್ಪಾಡು. ಆ ಏರ್ಪಾಡಿನ ಪ್ರತಿಯೊಂದು ಅಂಗವೂ ತೀಕ್ಷ್ಣವಾದ ಬಿಸಿಲು, ಒಣ ಗಾಳಿ ಮತ್ತು ಬೇಗ ಆರುವ ಮಣ್ಣು ಇವೇ ಮೂರನ್ನು ನಂಬಿಕೊಂಡು ರೂಪುಗೊಂಡಿದೆ. ಕಕ್ಕಡದ ಮಡಿಕೇರಿಯಲ್ಲಿ ಈ ಮೂರೂ ಇರುವುದಿಲ್ಲ.

ಗಿಡವೊಂದು ನೀರನ್ನು ಕಳೆದುಕೊಳ್ಳುವುದು ಯಾವಾಗ ಎಂಬುದರಿಂದ ತೊಡಗೋಣ. ಎಲೆಯ ಮೇಲೆ ಕಣ್ಣಿಗೆ ಕಾಣದ ಪತ್ರರಂಧ್ರಗಳಿರುತ್ತವೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಅವು ತೆರೆಯಲೇಬೇಕು, ತೆರೆದ ಕೂಡಲೇ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಆಹಾರ ತಯಾರಿಸಬೇಕೆಂದರೆ ನೀರು ಕಳೆದುಕೊಳ್ಳಬೇಕು, ನೀರು ಉಳಿಸಬೇಕೆಂದರೆ ಉಪವಾಸ ಇರಬೇಕು ಎಂಬ ಈ ಇಕ್ಕಟ್ಟು ಎಲ್ಲ ಹಸಿರು ಗಿಡಗಳಿಗೂ ಇದ್ದದ್ದೇ. ಭತ್ತ, ಕಾಫಿಯಂತಹ ಸಾಮಾನ್ಯ ಗಿಡಗಳು ಒಂದು ಗ್ರಾಂ ಇಂಗಾಲದ ಡೈಆಕ್ಸೈಡನ್ನು ಒಳಗೆ ಪಡೆಯಲು ಸುಮಾರು 400ರಿಂದ 500 ಗ್ರಾಂ ನೀರನ್ನು ಬಿಟ್ಟುಕೊಡುತ್ತವೆ. ಕಳ್ಳಿಗಿಡ ಅಷ್ಟೇ ಕೆಲಸವನ್ನು 50ರಿಂದ 100 ಗ್ರಾಂ ನೀರಿನಲ್ಲಿ ಮುಗಿಸುತ್ತದೆ. ಮರುಭೂಮಿಯ ಸಸ್ಯಗಳ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಅಂಕಿ ಇದು. ಮುಳ್ಳು, ಮೇಣ, ದಪ್ಪ ಕಾಂಡ ಇವೆಲ್ಲದರ ಸ್ಥಾನ ಇದರ ನಂತರ.

ಇದು ಸಾಧ್ಯವಾಗುವುದು ಕೆಲಸದ ವೇಳೆಯನ್ನು ಬದಲಿಸಿಕೊಂಡದ್ದರಿಂದ. ಕಳ್ಳಿಗಿಡ ಹಗಲೆಲ್ಲ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ಗಾಳಿ ತಂಪಾಗಿ ಅದರಲ್ಲಿ ಒಂದಿಷ್ಟು ತೇವವಿರುವ ರಾತ್ರಿಯಲ್ಲಿ ಅವನ್ನು ತೆರೆಯುತ್ತದೆ. ಆದರೆ ರಾತ್ರಿ ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ನಡೆಯುವಂತಿಲ್ಲ. ಆದ್ದರಿಂದ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಪರಿವರ್ತಿಸಿ ಜೀವಕೋಶದ ರಸದಾನಿಗಳಲ್ಲಿ ಕೂಡಿಡುತ್ತದೆ. ಬೆಳಗಾಗಿ ಸೂರ್ಯ ಮೇಲೇರಿದಾಗ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಮ್ಲ ಒಡೆದು ಇಂಗಾಲದ ಡೈಆಕ್ಸೈಡ್ ಒಳಗೇ ಬಿಡುಗಡೆಯಾಗುತ್ತದೆ. ಮುಚ್ಚಿದ ಬಾಗಿಲ ಹಿಂದೆ, ಬಿಸಿಲಿನ ಬಲದಿಂದ, ಅದು ಸಕ್ಕರೆಯಾಗುತ್ತದೆ. ಸಸ್ಯವಿಜ್ಞಾನಿಗಳು ಈ ಕ್ರಮವನ್ನು ಚಿಕ್ಕದಾಗಿ ‘ಕ್ಯಾಮ್’ ಎಂದು ಕರೆಯುತ್ತಾರೆ.

ಇದನ್ನು ಕಾಣಲು ಮರುಭೂಮಿಗೆ ಹೋಗಬೇಕಾಗಿಲ್ಲ. ನಿಮ್ಮ ತೋಟದ ಬೇಲಿಯ ಬದಿಯಲ್ಲಿ ಕಾಡುಬಸಳೆ ಇದ್ದೇ ಇರುತ್ತದೆ. ಎಲೆ ಉದುರಿದಲ್ಲಿ ಅದರ ಅಂಚಿನಿಂದಲೇ ಮರಿಗಿಡಗಳು ಹುಟ್ಟುವ, ಮಡಗಾಸ್ಕರ್ ಮೂಲದ ಗಿಡ ಅದು. ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ ನಮ್ಮ ದೇಶದಲ್ಲೇ ಅದರ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ ನೋಡಿದ. ಬೆಂಗಳೂರಿನ ಲಾಲ್‌ಬಾಗನ್ನೂ ಒಂದಷ್ಟು ಕಾಲ ನೋಡಿಕೊಂಡವನು ಈತ. ಬೆಳಗಿನ ಎಲೆ ಹುಳಿಯಾಗಿತ್ತು, ನಡುಹಗಲಿನ ಹೊತ್ತಿಗೆ ರುಚಿಯೇ ಇರಲಿಲ್ಲ, ಸಂಜೆಯ ವೇಳೆಗೆ ತುಸು ಕಹಿಯಾಗಿತ್ತು. ಈ ಸಂಗತಿಯನ್ನು ಆತ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಬರೆದು ತಿಳಿಸಿದ, ಅದು 1815ರಲ್ಲಿ ಅಚ್ಚಾಯಿತು. ರಾತ್ರಿ ಕೂಡಿಟ್ಟ ಮ್ಯಾಲಿಕ್ ಆಮ್ಲದ ರುಚಿಯನ್ನೇ ಆತ ಕಂಡದ್ದು. ಅದರ ಕಾರಣ ಪೂರ್ತಿಯಾಗಿ ತಿಳಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷಗಳೇ ಬೇಕಾದವು. ನೀವೂ ನೋಡಬಯಸಿದರೆ ಸೂರ್ಯೋದಯಕ್ಕೆ ಮುಂಚೆ ಒಂದು ಎಲೆ, ಸಂಜೆ ನಾಲ್ಕರ ಹೊತ್ತಿಗೆ ಒಂದು ಎಲೆ ಮುರಿದು, ರಸವನ್ನು ನಾಲಿಗೆಯ ತುದಿಗೆ ತಾಗಿಸಿ ಕೂಡಲೇ ಉಗುಳಿ ಬಾಯಿ ತೊಳೆದುಕೊಳ್ಳಿ. ಹೃದಯಕ್ಕೆ ತೊಂದರೆ ಕೊಡುವ ಅಂಶಗಳು ಅದರಲ್ಲಿರುವುದರಿಂದ ನುಂಗಬಾರದು, ಮಕ್ಕಳ ಕೈಗೂ ಕೊಡಬಾರದು. ಅದಕ್ಕಿಂತ, ರಸವನ್ನು ಲಿಟ್ಮಸ್ ಕಾಗದಕ್ಕೆ ಹಚ್ಚಿ ನೋಡುವುದು ಒಳ್ಳೆಯದು. ಅನಾನಸ್ ಗಿಡವೂ, ಒಂದು ಕಾಲಕ್ಕೆ ಕೊಡಗಿನ ತೋಟಗಳಲ್ಲಿ ಭರದಿಂದ ಹಬ್ಬಿಸಿದ ವೆನಿಲ್ಲಾ ಬಳ್ಳಿಯೂ ಇದೇ ಕ್ರಮದಲ್ಲಿ ನಡೆಯುತ್ತವೆ.

ಬೇಸಿಗೆಯಲ್ಲಿ ನಿಮ್ಮ ಗಿಡಗಳು ನೀರಿಲ್ಲದೆ ತಿಂಗಳುಗಟ್ಟಲೆ ಇದ್ದದ್ದಕ್ಕೆ ಇನ್ನೂ ಒಂದು ಕಾರಣವಿದೆ. ಬರ ಮಿತಿಮೀರಿದಾಗ ಕಳ್ಳಿ ರಾತ್ರಿಯೂ ರಂಧ್ರಗಳನ್ನು ತೆರೆಯುವುದಿಲ್ಲ. ತನ್ನದೇ ಉಸಿರಾಟದಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ರಾತ್ರಿ ಆಮ್ಲವಾಗಿಸಿ, ಹಗಲು ಸಕ್ಕರೆಯಾಗಿಸಿ, ಮತ್ತೆ ಅದನ್ನೇ ಬಳಸುತ್ತ ಇರುತ್ತದೆ. ಆಗ ಬೆಳವಣಿಗೆ ಇರುವುದಿಲ್ಲ, ಆದರೆ ಜೀವ ಉಳಿಯುತ್ತದೆ.

ಇಷ್ಟು ಮಿತವ್ಯಯಕ್ಕೆ ತೆರಬೇಕಾದ ಬೆಲೆ ನಿಧಾನಗತಿ. ಒಂದು ರಾತ್ರಿಯಲ್ಲಿ ಕೂಡಿಡಬಹುದಾದ ಆಮ್ಲಕ್ಕೆ ಮಿತಿಯುಂಟು, ಮರುದಿನದ ದುಡಿಮೆಯೂ ಅಷ್ಟಕ್ಕೇ ನಿಲ್ಲುತ್ತದೆ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋಗಳಲ್ಲಿ ಹರಡಿರುವ ಸೊನೋರಾ ಮರುಭೂಮಿಯ ಸಗ್ವಾರೊ ಕಳ್ಳಿ ಮೊದಲ ಎಂಟು ವರ್ಷಗಳಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಮೊದಲ ಕವಲು ಒಡೆಯಲು ಅದಕ್ಕೆ 50ರಿಂದ 75 ವರ್ಷ ಬೇಕು. ಆಮೇಲೆ ಅದು 12 ಮೀಟರ್ ಎತ್ತರಕ್ಕೂ ಹೋಗುತ್ತದೆ, ನೂರೈವತ್ತು ವರ್ಷ ಬಾಳುತ್ತದೆ. ಮರಿಯಾಗಿದ್ದಾಗ ಮಾತ್ರ ಅದು ಬಯಲಿನಲ್ಲಿ ಉಳಿಯುವುದು ಕಷ್ಟ. ಹೆಚ್ಚಿನ ಸಗ್ವಾರೊಗಳು ಬೇರೊಂದು ಮರದ ನೆರಳಿನಲ್ಲೇ ಮೊಳೆತು ದೊಡ್ಡದಾಗುತ್ತವೆ. ನೆರಳು ಮರಗಳಡಿ ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಿಡದ ಮೈ. ಕಳ್ಳಿಯ ಹೆಚ್ಚಿನ ಜಾತಿಗಳಲ್ಲಿ ಎಲೆಯಿಲ್ಲ, ಕಾಂಡವೇ ಹಸಿರಾಗಿ ಎಲೆಯ ಕೆಲಸ ಮಾಡುತ್ತದೆ. ಒಂದೇ ಗಾತ್ರದ ವಸ್ತುಗಳಲ್ಲಿ ದುಂಡಗಿನದಕ್ಕೆ ಹೊರಮೈ ಅತಿ ಕಡಿಮೆ. ನಿಮ್ಮ ಗಿಡಗಳು ಚೆಂಡಿನಂತಿದ್ದದ್ದು ಅದಕ್ಕಾಗಿಯೇ. ಹೊರಮೈಗೆ ಮೇಣದ ಲೇಪ, ಅದರ ಕೆಳಗೆ ದಪ್ಪ ಚರ್ಮ, ಒಳಗೆ ನೀರನ್ನು ಹಿಡಿದಿಡುವ ಲೋಳೆ. ಸಗ್ವಾರೊ ಕಾಂಡದ ಉದ್ದಕ್ಕೂ ಮಡಿಕೆಗಳಿದ್ದು, ಮಳೆ ಬಂದಾಗ ಹಾರ್ಮೋನಿಯಂನ ತಿದಿಯಂತೆ ಅವು ಬಿಚ್ಚಿಕೊಂಡು ಕಾಂಡ ಉಬ್ಬುತ್ತದೆ, ಬರ ಬಂದಾಗ ಚರ್ಮ ಹರಿಯದಂತೆ ಮತ್ತೆ ಮಡಚಿಕೊಳ್ಳುತ್ತದೆ. ದಾರಿ ತಪ್ಪಿದವರು ಕಳ್ಳಿಯನ್ನು ಕಡಿದು ನೀರು ಕುಡಿದು ಬದುಕಬಹುದೆಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ಒಳಗಿರುವುದು ಆಮ್ಲಗಳು ಬೆರೆತ ಲೋಳೆ, ಕೆಲವು ಜಾತಿಗಳಲ್ಲಿ ಆಲ್ಕಲಾಯ್ಡ್‌ಗಳೂ ಉಂಟು. ಕುಡಿದವರಿಗೆ ವಾಂತಿಯಾಗಿ ಇದ್ದ ನೀರೂ ಹೋಗಬಹುದು.

ಮುಳ್ಳುಗಳು ಎಲೆಗಳ ರೂಪಾಂತರ. ಪ್ರಾಣಿಗಳನ್ನು ದೂರ ಇಡುವುದು ಅವುಗಳ ಮೊದಲ ಕೆಲಸವಾದರೂ, ಒತ್ತಾಗಿರುವಲ್ಲಿ ಅವು ಕಾಂಡದ ಮೇಲೆ ಸಣ್ಣ ಸಣ್ಣ ನೆರಳು ಬೀಳಿಸುತ್ತವೆ, ಮೈಗೆ ತಾಗಿ ಹರಿಯುವ ಬಿಸಿಗಾಳಿಯ ವೇಗ ತಗ್ಗಿಸುತ್ತವೆ. ಕೆಲವು ಜಾತಿಗಳ ಮುಳ್ಳುಗಳು ಮಂಜಿನ ಹನಿಗಳನ್ನು ಹಿಡಿದು ಬುಡದ ಕಡೆಗೆ ಸಾಗಿಸುತ್ತವೆಂದು ಚೀನಾದ ಸಂಶೋಧಕರು 2012ರಲ್ಲಿ ತೋರಿಸಿದರು. ಮಸೂರವಿದ್ದರೆ ಮುಳ್ಳಿನ ಬುಡವನ್ನು ನೋಡಿ: ನವಿರಾದ ಕೂದಲಿರುವ ಪುಟ್ಟ ಮೆತ್ತೆಯೊಂದರಿಂದ ಮುಳ್ಳುಗಳೆಲ್ಲ ಗುಂಪಾಗಿ ಹೊರಟಿರುತ್ತವೆ. ಏರಿಯೋಲ್ ಎಂಬ ಈ ಮೆತ್ತೆ ಇರುವುದು ಕ್ಯಾಕ್ಟಸ್ ಕುಟುಂಬಕ್ಕೆ ಮಾತ್ರ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಚದುರಕಳ್ಳಿಯಲ್ಲಿ ಅದಿಲ್ಲ. ಮುರಿದರೆ ಬಿಳಿಯ ಹಾಲು ಬರುತ್ತದೆ, ಆ ಹಾಲು ಕಣ್ಣಿಗೆ ಅಪಾಯಕಾರಿ. ಚದುರಕಳ್ಳಿ ಹರಳು ಗಿಡದ ಕುಟುಂಬಕ್ಕೆ ಸೇರಿದ್ದು. ಕ್ಯಾಕ್ಟಸ್‌ಗಳ ತವರು ಅಮೆರಿಕ ಖಂಡಗಳು. ಪಾಪಾಸುಕಳ್ಳಿಯೂ ಅಲ್ಲಿಂದಲೇ ಬಂದದ್ದು. ಸಂಬಂಧವೇ ಇಲ್ಲದ ಎರಡು ಕುಟುಂಬಗಳು, ಎರಡು ಖಂಡಗಳಲ್ಲಿ, ಒಂದೇ ಬಗೆಯ ಬರಕ್ಕೆ ಒಂದೇ ಬಗೆಯ ಮೈಯನ್ನು ಕಂಡುಕೊಂಡಿವೆ.

ಬೇರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಗಿಡಗಳು ಸತ್ತದ್ದು ಅಲ್ಲಿ. ಕಳ್ಳಿಯ ಬೇರು ಆಳಕ್ಕೆ ಹೋಗಿ ನೀರು ಹುಡುಕುತ್ತದೆಂದು ಹಲವರು ಭಾವಿಸಿದ್ದಾರೆ. ಸಗ್ವಾರೊದ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಹತ್ತು ಸೆಂಟಿಮೀಟರಿನೊಳಗೇ ಇದ್ದು, ಗಿಡದ ಎತ್ತರದಷ್ಟು ದೂರ ಸುತ್ತಲೂ ಹರಡಿರುತ್ತವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್, ಮಡಿಕೇರಿಯಲ್ಲಿ ಜುಲೈ ತಿಂಗಳ ಒಂದೇ ವಾರದಲ್ಲಿ ಸುರಿಯಬಹುದಾದಷ್ಟು. ಆ ನೀರು ಆಳಕ್ಕೆ ಇಳಿಯುವ ಮೊದಲೇ ಆರಿಹೋಗುತ್ತದೆ. ಮೇಲ್ಪದರದಲ್ಲಿ ಕಾದಿರುವ ಬೇರಿಗಷ್ಟೇ ಅದರ ಪಾಲು. ಮಣ್ಣು ಒದ್ದೆಯಾದ ಒಂದು ದಿನದೊಳಗೆ ಹೊಸ ನವಿರು ಬೇರುಗಳು ಹುಟ್ಟಿ ನೀರು ಹೀರತೊಡಗುತ್ತವೆ. ಮಣ್ಣು ಒಣಗಿದಾಗ ಅವು ಸಾಯುತ್ತವೆ. ಉಳಿದ ದಪ್ಪ ಬೇರು ಸ್ವಲ್ಪ ಕುಗ್ಗಿ, ಅದಕ್ಕೂ ಮಣ್ಣಿಗೂ ನಡುವೆ ಗಾಳಿಯ ತೆಳುವಾದ ಸಂದು ಉಂಟಾಗಿ, ಗಿಡದೊಳಗಿನ ನೀರು ಒಣ ಮಣ್ಣಿಗೆ ಮರಳಿ ಸೋರುವುದು ನಿಲ್ಲುತ್ತದೆ. ಒದ್ದೆ ಮತ್ತು ಒಣ ಸ್ಥಿತಿಗಳ ಈ ಸರದಿ ಅದರ ಬೇರಿನ ಬದುಕಿಗೆ ಆಧಾರ.

ಮರುಭೂಮಿಯ ಎಲ್ಲ ಗಿಡಗಳೂ ಕಳ್ಳಿಯ ದಾರಿ ಹಿಡಿದಿಲ್ಲ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ವರ್ಷಗಟ್ಟಲೆ ಬೀಜವಾಗಿಯೇ ನೆಲದಲ್ಲಿದ್ದು, ಅಪರೂಪಕ್ಕೆ ಬರುವ ಒಳ್ಳೆಯ ಮಳೆಗೆ ಮೊಳೆತು, ಕೆಲವೇ ವಾರಗಳಲ್ಲಿ ಹೂಬಿಟ್ಟು ಬೀಜ ಕಟ್ಟಿ ಮುಗಿಯುವ ಗಿಡಗಳಿವೆ. ಇಂತಹ ಎಷ್ಟೋ ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ವಸ್ತುಗಳಿದ್ದು, ಅವು ತೊಳೆದುಹೋಗುವಷ್ಟು ಮಳೆ ಬಿದ್ದರೆ ಮಾತ್ರ ಮೊಳಕೆ ಬರುತ್ತದೆ. ಒಂದು ತುಂತುರಿಗೆ ಅವು ಮೋಸ ಹೋಗುವುದಿಲ್ಲ. ಒಣ ಹವೆಯಲ್ಲಿ ಕಾದಿದ್ದು ಹೂಮಳೆ ಬಿದ್ದ ಮೇಲೆ ಅರಳುವ ಕಾಫಿ ಮೊಗ್ಗಿನ ವರ್ತನೆಗೂ ಇದಕ್ಕೂ ಸ್ವಲ್ಪ ಹೋಲಿಕೆಯಿದೆ, ಒಳಗಿನ ಕಾರಣಗಳು ಬೇರೆಯಾದರೂ.

ಬನ್ನಿ ಮರ ಇದಕ್ಕೆ ತದ್ವಿರುದ್ಧ. ವಿಜಯದಶಮಿಯಂದು ಪೂಜೆಗೊಳ್ಳುವ ಈ ಮರ ಥಾರ್ ಮರುಭೂಮಿಯ ಜನರಿಗೆ ಖೇಜ್ರಿ. ಅದರ ಎಲೆಗಳು ತೆಳು, ಕಾಂಡದಲ್ಲಿ ನೀರಿನ ಸಂಗ್ರಹವಿಲ್ಲ, ಆದರೂ ಸುತ್ತಲಿನದೆಲ್ಲ ಸುಟ್ಟಂತಾಗುವ ಕಡುಬೇಸಿಗೆಯಲ್ಲೇ ಅದು ಹೊಸ ಚಿಗುರು ತಳೆಯುತ್ತದೆ. ಮೇಲಿನ ಮಳೆಯನ್ನು ನೆಚ್ಚದೆ ಆಳದ ತೇವವನ್ನು ಮುಟ್ಟುವ ಬೇರು ಅದಕ್ಕಿದೆ. ಇದರ ಹತ್ತಿರದ ಬಂಧುವಾದ ಮೆಸ್ಕೀಟ್ ಮರದ ಬೇರುಗಳು ಅರಿಜೋನಾದ ಟೂಸಾನ್ ಬಳಿಯ ತೆರೆದ ಗಣಿಯೊಂದರಲ್ಲಿ 53 ಮೀಟರ್, ಅಂದರೆ ಸುಮಾರು 175 ಅಡಿ ಆಳದಲ್ಲಿ ಕಂಡುಬಂದಿದ್ದವು. ಹೀಗೆ ಒಂದೇ ಮರುಭೂಮಿಯಲ್ಲಿ ಕಳ್ಳಿ ಮೇಲಿನ ಹತ್ತು ಸೆಂಟಿಮೀಟರಿನಲ್ಲೂ ಮೆಸ್ಕೀಟ್ ನೆಲದ ಆಳದಲ್ಲೂ ನೀರು ಹುಡುಕಿಕೊಂಡು, ಒಂದರ ಪಾಲಿಗೆ ಇನ್ನೊಂದು ಅಷ್ಟಾಗಿ ಕೈಹಾಕದೆ ಬದುಕುತ್ತವೆ.

ಇನ್ನೊಂದು ಬಗೆ ಪೂರ್ತಿ ಒಣಗಿಯೂ ಸಾಯದಿರುವುದು. ಮೆಕ್ಸಿಕೋದ ಚಿವಾವಾ ಮರುಭೂಮಿಯ ಸೆಲಜಿನೆಲ್ಲಾ ಎಂಬ ಪುಟ್ಟ ಗಿಡ ತನ್ನ ನೀರನ್ನೆಲ್ಲ ಹೆಚ್ಚುಕಡಿಮೆ ಕಳೆದುಕೊಂಡು ಕಂದು ಬಣ್ಣದ ಉಂಡೆಯಾಗಿ ಮುದುಡಿ ವರ್ಷಗಟ್ಟಲೆ ಇದ್ದು, ನೀರು ಬಿದ್ದ ಕೆಲವೇ ಗಂಟೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಈ ಶಕ್ತಿಯಿರುವ ಜೀವಿಗಳು ನಿಮ್ಮ ತೋಟದಲ್ಲೂ ಇವೆ. ಮಾರ್ಚ್ ತಿಂಗಳಲ್ಲಿ ಹಲಸಿನ ಕಾಂಡದ ಮೇಲಿನ ಪಾಚಿ ಉಜ್ಜಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಅದರ ಮೇಲೆ ಒಂದು ಲೋಟ ನೀರು ಸುರಿದು ನೋಡುತ್ತ ನಿಂತರೆ, ನಿಮ್ಮ ಕಣ್ಣೆದುರಿಗೇ ಅದು ಹಸಿರಾಗುತ್ತದೆ.

ಈಗ ನಿಮ್ಮ ಬ್ರಹ್ಮಕಮಲ. ಅದು ನಿಜಕ್ಕೂ ಕ್ಯಾಕ್ಟಸ್ ಕುಟುಂಬದ್ದೇ. ನೀವು ಎಲೆ ಎಂದುಕೊಂಡಿರುವುದು ಚಪ್ಪಟೆಯಾದ ಕಾಂಡ. ಅದರ ಅಂಚಿನ ಪ್ರತಿಯೊಂದು ಕಚ್ಚಿನಲ್ಲೂ ಒಂದು ಏರಿಯೋಲ್ ಇದೆ, ಮೊಗ್ಗು ಹುಟ್ಟುವುದು ಅಲ್ಲಿಂದಲೇ. ಆದರೆ ಅದರ ತವರು ಮರುಭೂಮಿಯಲ್ಲ, ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮಳೆಕಾಡು. ಅಲ್ಲಿ ಅದು ಮರದ ಕೊಂಬೆಗಳ ಮೇಲೆ ಬೆಳೆಯುತ್ತದೆ. ಮಳೆಕಾಡಿನ ಕೊಂಬೆಯೂ ಒಂದು ಬಗೆಯ ಬರದ ನೆಲವೆಂಬುದನ್ನು ನಾವು ಗಮನಿಸುವುದಿಲ್ಲ. ತೊಗಟೆಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ, ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ಅದು ಆರುತ್ತದೆ. ಅಲ್ಲಿ ಬದುಕಬೇಕಾದ ಗಿಡಕ್ಕೂ ಸಿಕ್ಕಾಗ ಹೀರುವ, ಸಿಗದಿದ್ದಾಗ ಹಿಡಿದಿಟ್ಟುಕೊಳ್ಳುವ ವಿದ್ಯೆ ಬೇಕು. ನಮ್ಮ ನೆರಳು ಮರಗಳ ಮೇಲೆ ಸೀತಾಳೆ ದಂಡೆ ಮೊದಲಾದ ಆರ್ಕಿಡ್‌ಗಳು ಬದುಕುವುದೂ ಇಂತಹ ನೆಲೆಯಲ್ಲೇ. ಅವುಗಳ ಬೂದುಬಣ್ಣದ ದಪ್ಪ ಬೇರಿನ ಹೊರಪದರ ಮಳೆ ತಾಗಿದ ಕೂಡಲೇ ನೀರು ಹೀರಿ ಹಸಿರಾಗುವುದನ್ನು ನೀವು ನೋಡಿರಬಹುದು. ಒಟ್ಟಿನಲ್ಲಿ ಬ್ರಹ್ಮಕಮಲಕ್ಕೆ ತೇವದ ಗಾಳಿ, ಚದುರಿದ ಬೆಳಕು, ಆಗಾಗ ಬೀಳುವ ಮಳೆ ಎಲ್ಲವೂ ಹುಟ್ಟಿನಿಂದಲೇ ಪರಿಚಿತ. ಕೊಡಗಿನ ಜಗಲಿ ಅದಕ್ಕೆ ತವರಿಗೆ ಬಹಳ ಹತ್ತಿರ.

ನಿಮ್ಮ ದುಂಡು ಕಳ್ಳಿಗೆ ಕಕ್ಕಡದಲ್ಲಿ ಆದದ್ದು ಹೀಗೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಗಿಡದಿಂದ ನೀರು ಆವಿಯಾಗುವುದಿಲ್ಲ, ಕುಂಡದ ಮಣ್ಣು ವಾರಗಟ್ಟಲೆ ಆರುವುದಿಲ್ಲ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ನಿಲ್ಲುತ್ತದೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ, ಆದ್ದರಿಂದ ನವಿರು ಬೇರುಗಳು ಉಸಿರುಗಟ್ಟಿ ಸಾಯುತ್ತವೆ. ಸತ್ತ ಬೇರಿನ ದಾರಿಯಿಂದ ಫೈಟಾಫ್ತೊರಾ, ಫ್ಯುಸೇರಿಯಂ ಮುಂತಾದ ರೋಗಾಣುಗಳು ನೀರು ತುಂಬಿದ ಮೆತ್ತನೆಯ ಕಾಂಡವನ್ನು ಹೊಗುತ್ತವೆ. ನಿಮ್ಮ ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ತರುವುದೂ ಫೈಟಾಫ್ತೊರಾದ ಒಂದು ಪ್ರಭೇದವೇ. ಬುಡ ಮೆತ್ತಗಾಗುವ ಹೊತ್ತಿಗೆ ಒಳಗಿನ ಕೊಳೆತ ಬಹಳ ಮುಂದುವರಿದಿರುತ್ತದೆ. ಇದರ ಜೊತೆಗೆ ಮೋಡ ಕವಿದ ಹಗಲಿನಲ್ಲಿ ಬೆಳಕು ಸಾಲದೆ, ರಾತ್ರಿ ಕೂಡಿಟ್ಟ ಆಮ್ಲ ಪೂರ್ತಿ ಬಳಕೆಯಾಗದೆ, ಗಿಡ ಸೊರಗುತ್ತದೆ. ತುದಿ ಪೇಲವವಾಗಿ ನೀಳವಾಗುವುದು ಅದರ ಗುರುತು.

ಬೆಳಕಿನ ವಿಷಯದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊರದೇಶದ ತೋಟಗಾರಿಕೆ ಪುಸ್ತಕಗಳು ಕಳ್ಳಿಯನ್ನು ದಕ್ಷಿಣದ ಕಿಟಕಿಯಲ್ಲಿ ಇಡಲು ಹೇಳುತ್ತವೆ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಅಂದರೆ ದಕ್ಷಿಣಕ್ಕೆ ಮುಖಮಾಡಿದ ಜಗಲಿಗೆ, ಮೋಡ ಸರಿದ ಅಪರೂಪದ ದಿನದಲ್ಲೂ, ಮಳೆಗಾಲದ ನಡುಹಗಲ ಬಿಸಿಲು ನೇರವಾಗಿ ತಾಗುವುದಿಲ್ಲ.

ಮತ್ತೆ ಬೆಳೆಸುವ ಮನಸ್ಸಿದ್ದರೆ, ಮೊದಲು ಮಣ್ಣನ್ನು ಬದಲಿಸಿ. ತೋಟದ ಕಪ್ಪು ಗೋಡುಮಣ್ಣು ಕಾಫಿಗೆ ಎಷ್ಟು ಒಳ್ಳೆಯದೋ ಮರುಭೂಮಿಯ ಕಳ್ಳಿಗೆ ಅಷ್ಟೇ ಕೆಟ್ಟದ್ದು. ಒರಟು ಮರಳು, ಇಟ್ಟಿಗೆ ಚೂರು, ಸಣ್ಣ ಜಲ್ಲಿ ಸೇರಿ ಎರಡು ಪಾಲು, ಮಣ್ಣು ಒಂದು ಪಾಲು ಇರಲಿ. ತಳಕ್ಕಷ್ಟೇ ಜಲ್ಲಿ ಹಾಕಿ ಮೇಲೆ ಬರೀ ಮಣ್ಣು ತುಂಬುವ ರೂಢಿಯಿಂದ ಉಪಯೋಗವಿಲ್ಲ, ಏಕೆಂದರೆ ನೀರು ಸಣ್ಣ ಕಣಗಳ ಪದರದಿಂದ ದೊಡ್ಡ ಕಣಗಳ ಪದರಕ್ಕೆ ಸುಲಭವಾಗಿ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಪ್ಲಾಸ್ಟಿಕ್ಕಿಗಿಂತ ಬೇಗ ಆರುವ ಮಣ್ಣಿನ ಕುಂಡ ಮೇಲು. ಜೂನ್ ಮೊದಲ ವಾರಕ್ಕೆ ಮುಂಚೆ ಗಿಡಗಳನ್ನು ಪಾರದರ್ಶಕ ಶೀಟಿನ ಅಡಿಗೆ ಸಾಗಿಸಿ, ಬದಿಗಳನ್ನು ಗಾಳಿಯಾಡಲು ತೆರೆದಿಡಿ, ಎರಚಲು ತಾಗದಂತೆ ನೋಡಿಕೊಳ್ಳಿ. ಅಲ್ಲಿಂದ ಮಳೆ ಬಿಡುವವರೆಗೆ ಒಂದು ಹನಿ ನೀರೂ ಬೇಡ. ಅವು ಸ್ವಲ್ಪ ಕುಗ್ಗಿ ಸುಕ್ಕುಗಟ್ಟಬಹುದು. ಅದನ್ನು ಕಂಡು ಮರುಕಪಟ್ಟು ನೀರು ಹಾಕುವುದೇ ಹೆಚ್ಚಿನ ಗಿಡಗಳ ಸಾವಿಗೆ ಕಾರಣ. ಕುಶಾಲನಗರದ ಕಡೆ ಮಳೆ ಕಡಿಮೆಯಾದ್ದರಿಂದ ಅಲ್ಲಿಯವರಿಗೆ ಇಷ್ಟು ಕಟ್ಟುನಿಟ್ಟು ಬೇಕಾಗುವುದಿಲ್ಲ. ಇಷ್ಟೆಲ್ಲ ಬೇಡವೆನಿಸಿದರೆ ಬ್ರಹ್ಮಕಮಲದಂತೆ ಮರದ ಮೇಲೆ ಬೆಳೆಯುವ ಕುಲದವನ್ನೇ ಆರಿಸಿಕೊಳ್ಳಿ: ಬ್ರೆಜಿಲ್‌ನ ಮಳೆಬೆಟ್ಟಗಳಿಂದ ಬಂದ ಕ್ರಿಸ್‌ಮಸ್ ಕ್ಯಾಕ್ಟಸ್, ಜೋತುಬೀಳುವ ರಿಪ್ಸಾಲಿಸ್. ನನ್ನ ಅಭಿಪ್ರಾಯದಲ್ಲಿ ಮಡಿಕೇರಿಯ ಮನೆಗೆ ಇವೇ ಸರಿಯಾದ ಕ್ಯಾಕ್ಟಸ್‌ಗಳು.

ಬಿದ್ದ ಗಿಡಗಳಲ್ಲಿ ತುದಿಯಾದರೂ ಗಟ್ಟಿಯಾಗಿ ಉಳಿದಿದ್ದರೆ ಅದನ್ನು ಎಸೆಯಬೇಡಿ. ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಿಂದ, ಕೊಳೆತ ಭಾಗಕ್ಕಿಂತ ಮೇಲೆ, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಹೋಗಿ. ಪ್ರತಿ ಕೊಯ್ತದ ನಂತರವೂ ಚಾಕುವನ್ನು ಮತ್ತೆ ಒರೆಸಿ. ಕೊಯ್ದ ಮುಖದ ನಡುವಿನ ಉಂಗುರದಲ್ಲಿ ಕಂದು ಅಥವಾ ಕೆಂಪು ಬಣ್ಣ ಕಂಡರೆ ರೋಗ ಅಲ್ಲಿಯವರೆಗೂ ಏರಿದೆ ಎಂದು ಅರ್ಥ, ಇನ್ನೂ ಮೇಲಕ್ಕೆ ಕೊಯ್ಯಬೇಕು. ಪೂರ್ತಿ ಶುದ್ಧವಾದ ಮುಖ ಸಿಕ್ಕಿದ ಮೇಲೆ ಅದನ್ನು ಗಾಯ ಒಣಗಿ ಗಟ್ಟಿ ಪದರ ಕಟ್ಟುವವರೆಗೆ ಒಣ ಜಾಗದಲ್ಲಿಡಿ. ಬೇಸಿಗೆಯಲ್ಲಿ ಇದಕ್ಕೆ ಒಂದೆರಡು ವಾರ ಸಾಕು, ಮಳೆಗಾಲದಲ್ಲಿ ಹೆಚ್ಚು ಬೇಕು. ಸೌದೆ ಒಲೆಯಿರುವ ಮನೆಯಾದರೆ ಒಲೆಯ ಮೇಲಿನ ಅಟ್ಟ ಈ ಕೆಲಸಕ್ಕೆ ಬಹಳ ಒಳ್ಳೆಯ ಜಾಗ. ಆಮೇಲೆ ಒಣ ಮರಳಿನ ಮೇಲೆ ನಿಲ್ಲಿಸಿಟ್ಟು, ಬೇರು ಕಾಣಿಸಿಕೊಳ್ಳುವವರೆಗೆ ಹಾಗೆಯೇ ಬಿಡಿ. ಅಕ್ಟೋಬರ್ ಕಳೆದು ಬಿಸಿಲು ನೆಲೆಗೊಂಡ ಮೇಲೆ ಮೊದಲ ಬಾರಿ ಬುಡಕ್ಕೆ ಸ್ವಲ್ಪವೇ ನೀರು ಹಾಕಿ. ಮಣ್ಣು ತಳದವರೆಗೂ ಆರಿದೆಯೆಂದು ಖಚಿತವಾದ ನಂತರ ಎರಡನೆಯ ಬಾರಿ ಹಾಕಿದರೆ ಸಾಕು.